ಓದದೆ ಬಿಟ್ಟ ಪ್ರಕಟಣೆ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಓ, ಪುಟಾಣಿ, ನೀನಾ! ಅಪ್ಪನ ಫೋನು ನಿನ್ನ ಕೈಗೆ ಹೇಗೆ ಬಂತು?

... ಹಾಂ, ಹಾಂ, ಕನ್ನಡಕದಂಗಡಿ ಅಕ್ಕನೇ. ಅಂಗಡಿಯಿಂದಲ್ಲ ಮರಿ, ಇವತ್ತು ಭಾನುವಾರ ಅಲ್ವಾ. ಅಪ್ಪ ಎಲ್ಲಿ?... ಊಟ ಆಯ್ತಾ?... ಅಪ್ಪಾನೂ ಮಾಡಲಿಲ್ವಾ...

... ಏನು ಕೇಳಿದೆ?... ಹೌದು, ಮೂರು ಭಾನುವಾರ ಓದಬೇಕಾದ ನಮ್ಮ ಮದುವೆ ಪ್ರಕಟಣೆನ ಪಾದ್ರಿಗಳು ಇವತ್ತು ಓದಲಿಲ್ಲ. ... ಅಲ್ಲ, ಮರೆತಿದ್ದಲ್ಲ. ... ಪಕ್ಕದ ಹುಡುಗಿಗೆ ‘ನೋಡ್ತಿರು, ಈಗ ನಮ್ಮಪ್ಪನ ಹೆಸರು ಹೇಳ್ತಾರೆ’ ಅಂದಿದ್ಯಾ? ಅಯ್ಯೋ ದೇವರೇ... ಇಲ್ಲ ಕಂದಾ, ನಿನ್ನ ಜುಟ್ಟು ಕೆದರಿತ್ತು ಅಂತ ಯಾರಾದ್ರೂ ಓದೋದು ಬಿಡ್ತಾರಾ? ಜುಟ್ಟು ಚೆನ್ನಾಗೇ ಇತ್ತು.

... ಅಪ್ಪನಿಗೆ ಕೊಡು. ... ಬೇಡ ಅಂತ ತಲೆ ಆಡಿಸ್ತಿದ್ದಾರಾ? ಹೋಗಿ ಹೇಳು, ಪ್ರಕಟಣೆ ನಿಲ್ಲಿಸಿದ್ದು ಯಾರು ಅಂತ ಹೇಳೋಕೆ ಫೋನ್ ಮಾಡಿದ್ದಾಳೆ ಅಂತ.

...

... ನಾನು. ದಯವಿಟ್ಟು ಇಡಬೇಡಿ ರೀ.

... ಇಲ್ಲ, ಯಾರೂ ತಕರಾರು ತಂದಿಲ್ಲ. ಪಾದ್ರಿಗಳ ಮೇಲೆ ಸಿಟ್ಟಾಗಬೇಡಿ. ನಾನೇ. ನಿನ್ನೆ ಸಂಜೆ ನಾನೇ ಹೋಗಿ, ನಾಳೆ ಓದಬೇಡಿ ಅಂದೆ.

... ಕೇಳಿದ್ರು. ‘ಅವನಿಗೆ ತಿಳಿಸಿದ್ದೀಯಾ ಮಗಳೇ?’ ಅಂತ ಕೇಳಿದ್ರು. ಹೂಂ ಅಂದೆ. ... ಹೌದು, ಸುಳ್ಳು. ಚರ್ಚಿನ ಮೆಟ್ಟಿಲ ಮೇಲೇ ನಿಂತು ಹೇಳಿದ ಸುಳ್ಳು.

... ನೋಡಿದೆ. ಮುಂದಿನ ಬೆಂಚಿನಿಂದ ನೀವು ತಿರುಗಿ ನೋಡಿದ್ದು ನೋಡಿದೆ. ಗೀತೆ ಪುಸ್ತಕ ಮುಖಕ್ಕೆ ಅಡ್ಡ ಹಿಡ್ಕೊಂಡೆ. ತಲೆಕೆಳಗಾಗಿ ಹಿಡಿದಿದ್ದೀನಿ ಅಂತ ಪಕ್ಕದವಳು ತಿವಿದ ಮೇಲೇ ಗೊತ್ತಾಗಿದ್ದು. ... ನಗಬೇಡಿ. ... ನಗ್ತಿಲ್ವಾ? ಸರಿ. ನಗುವಂಥದ್ದೂ ಅಲ್ಲ.

... ಯಾಕೆ ಅಂತ ಹೇಳ್ತೀನಿ. ನೀವು ಮದುವೆಗೆ ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ, ನೆನಪಿದೆ ಅಲ್ವಾ? ಪ್ರಾರ್ಥನೆ ಮಾಡಿ ಹೇಳ್ತೀನಿ ಅಂದೆ. ಮಾಡಿದೆ. ದಿನಾ, ಕಿಟಕಿ ಹತ್ತಿರ ಮೊಣಕಾಲೂರಿ. ಅಜ್ಜಿ ಕಥೆ ಕೇಳಿ ಬೆಳೆದವಳು ನಾನು. ದೇವರು ಉತ್ತರ ಕೊಟ್ರೆ ದೀಪ ತಾನಾಗಿ ಹತ್ತುತ್ತೆ, ಹಕ್ಕಿ ಬಂದು ಹೆಸರು ಹಿಡಿದು ಕೂಗುತ್ತೆ ಅಂತ ಕಾಯ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ಒಂದು ದಿನ ಬೇಡಿಕೊಳ್ಳೋಕೆ ಕೂತ್ರೆ ಬೇಡೋದಕ್ಕೆ ಏನೂ ಉಳಿದಿರಲಿಲ್ಲ. ಮನಸ್ಸೆಲ್ಲ ನಿಂತ ನೀರಿನ ಹಾಗೆ. ಮಗುವಿಗೆ ಜಡೆ ಹಾಕೋದು ಕಲೀಬೇಕು ಅನ್ನೋ ಯೋಚನೆ ಮಾತ್ರ ಇತ್ತು. ಅದೇ ಉತ್ತರ ಅಂತ ಗೊತ್ತಾಯ್ತು. ಗೊತ್ತಿತ್ತು ರೀ ನನಗೆ.

... ಆಮೇಲೆ ಏನು! ಹೋದ ವಾರ ಮೊದಲ ಸಲ ಹೆಸರು ಓದಿದ್ದೇ ತಡ, ಎಲ್ಲರಿಗೂ ಬಾಯಿ ಬಂತು. ಚಿಕ್ಕಮ್ಮ, ‘ಹೋಗಿ ಹೋಗಿ ಮಲತಾಯಿ ಆಗ್ತೀಯೇನೇ?’ ಅಂದ್ರು. ಅಂಗಡಿ ಯಜಮಾನರು, ‘ಲಿಫ್ಟ್ ರಿಪೇರಿಯವನು, ದಿನಾ ಜೀವ ತಂತಿ ಮೇಲೆ’ ಅಂದ್ರು. ಹಾಡೋರ ಗುಂಪಿನ ಹಿರಿಯಕ್ಕ, ‘ತೀರಿಕೊಂಡ ಹೆಂಡತಿ ಫೋಟೋ ಕೆಳಗೆ ಸಂಸಾರ ಮಾಡೋಕಾಗುತ್ತಾ?’ ಅಂತ. ... ಹಾಂ, ಎಲ್ಲಾ ನನ್ನ ಒಳ್ಳೇದಕ್ಕೇ. ಅದೇ ಕಷ್ಟ. ಕೆಟ್ಟವರಾಗಿದ್ರೆ ಕಿವಿ ಮುಚ್ಕೊಳ್ತಿದ್ದೆ.

... ಹೇಗೆ ಅಂದ್ರೆ, ನಮ್ಮ ಅಂಗಡೀಲಿ ಕಣ್ಣು ನೋಡೋಕೆ ಒಂದು ಚೌಕಟ್ಟು ಮೂಗಿನ ಮೇಲೆ ಕೂರಿಸ್ತೀವಲ್ಲ, ಗಾಜು ಬದಲಾಯಿಸಿ ಬದಲಾಯಿಸಿ? ಹೊಸದಾಗಿ ಸೇರಿದಾಗ ನಾನು ಹಳೇ ಗಾಜು ತೆಗೆಯದೆ ಹೊಸದು ಸಿಕ್ಕಿಸ್ತಾ ಹೋಗಿ, ಒಬ್ಬ ತಾತನಿಗೆ ಎದುರಿನ ಗೋಡೆಯೇ ಕಾಣದ ಹಾಗೆ ಮಾಡಿದ್ದೆ. ಈ ವಾರ ಅದನ್ನೇ ನನಗೆ ನಾನೇ ಮಾಡ್ಕೊಂಡೆ.

... ಇಲ್ಲ, ಲಿಫ್ಟಿಗೆ ಹೆದರಲಿಲ್ಲ. ಮಲತಾಯಿ ಅನ್ನೋ ಮಾತು ಒಳಗೆ ಹೊಕ್ಕುಬಿಡ್ತು. ಅಜ್ಜಿ ಕಥೇಲಿ ಒಳ್ಳೇ ಮಲತಾಯಿ ಒಬ್ಬಳಾದ್ರೂ ಇದ್ದಳಾ? ಎಲ್ಲರೂ ಮಗೂನ ಕಾಡಿಗೆ ಅಟ್ಟಿದವರೇ. ನಾನೂ ಹಾಗಾಗಿಬಿಟ್ರೆ ಅಂತ ನಡುಗಿದೆ. ... ಹೌದು. ಮದುವೆಗೆ ಮುಂಚೇನೇ ಆಗಿಬಿಟ್ಟೆ. ಬೆಳಿಗ್ಗೆ ಚರ್ಚಲ್ಲಿ ಪುಟಾಣಿ ಮುಖ ನೋಡ್ದಾಗ... ಹೌದು ರೀ. ನೀವು ಹೇಳೋದೇ ಬೇಡ.

... ಈಗ ಯಾರು ಹೇಳಿಕೊಟ್ಟು ಫೋನ್ ಮಾಡ್ತಿದ್ದೀಯಾ ಅಂತೀರಾ? ಯಾರೂ ಇಲ್ಲ. ಚರ್ಚಿನಿಂದ ಬಂದು ಕೋಣೆ ಚಿಲಕ ಹಾಕ್ಕೊಂಡೆ. ಚಿಕ್ಕಮ್ಮ ಬಾಗಿಲು ಬಡೀತಿದ್ದಾರೆ, ಕೇಳಿಸ್ತಿದೆಯಾ?... ಮೊಣಕಾಲೂರಿದೆ, ಬಾಯೇ ಬರಲಿಲ್ಲ. ಒಂದು ಸಲ ಕೇಳಿ, ಉತ್ತರಾನೂ ಪಡೆದು, ಅದನ್ನ ನಾಲ್ಕು ಜನರ ಮುಂದೆ ಸರೀನಾ ಅಂತ ಹಿಡಿದವಳು, ಮತ್ತೆ ಯಾವ ಮುಖ ಇಟ್ಕೊಂಡು ಕೇಳಲಿ? ಹೋಗಿ ಅವರಿಗೆ ನಿಜ ಹೇಳು ಅನ್ನೋದು ಬಿಟ್ರೆ ಬೇರೇನೂ ಹೊಳೀಲಿಲ್ಲ.

... ಮತ್ತೆ ಓದಿಸಿ ಅನ್ನೋಕೆ ನನಗೆ ಬಾಯಿಲ್ಲ. ... ಬೇಕು. ಬೇಕು ಅಂತಲೇ ಹೇಳ್ತಿದ್ದೀನಿ. ನೀವು ಏನೇ ಹೇಳಿ, ಸಂಜೆ ಪಾದ್ರಿಗಳ ಹತ್ತಿರ ಹೋಗಿ ಸುಳ್ಳು ಒಪ್ಕೊಳ್ತೀನಿ.

... ನಿಮ್ಮಣ್ಣ ಏನಂದ್ರು?... ‘ಅವಳನ್ನ ಬಿಟ್ಟುಬಿಡು’ ಅಂದ್ರಾ? ಸರಿಯಾಗೇ ಅಂದಿದ್ದಾರೆ. ... ಹಾಂ? ಅಣ್ಣನ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ ಅಂದ್ರೆ?

... ಓ. ... ಮೊದಲು ಪ್ರಾರ್ಥನೆ ಮಾಡ್ತೀರಾ. ... ಮಾಡಿ. ... ಆದ್ರೆ ರೀ, ದೇವರು ಬೇಡ ಅಂದ್ರೆ?

... ಅಳ್ತಿಲ್ಲ. ಇಲ್ಲ, ಅಳ್ತಿಲ್ಲ. ಬೇಡ ಅಂತ ಬಂದ್ರೆ ಬೇಡ ಅಂತಲೇ ಹೇಳಿ. ನನ್ನ ಮೇಲೆ ಕನಿಕರಪಟ್ಟು ಉತ್ತರ ಬದಲಾಯಿಸಬೇಡಿ. ಬದಲಾಯಿಸಿದ್ದಕ್ಕೆ ತಾನೇ ಇಷ್ಟೆಲ್ಲಾ ಆಗಿದ್ದು.

... ಯಾರು, ಮಗುನಾ? ಕೊಡಿ. ... ಹಾಂ ಮರಿ?... ನೀನೂ ಪ್ರಾರ್ಥನೆ ಮಾಡ್ತೀಯಾ? ಏನಂತ ಕೇಳ್ತೀ... ಬೇಡ ಬೇಡ, ನನಗೆ ಹೇಳಬೇಡ ಕಂದಾ. ಮೊದಲು ದೇವರಿಗೇ ಹೇ... ಹಲೋ?... ಆಗಲೇ ಹೇಳೋಕೆ ಓಡಿದ್ಯಾ?... ಹಲೋ?...