ಯಾವೂರ ಹೈಸ್ಕೂಲ್ ಫೀಲ್ಡು

ಹಂಗಲ್ಲ ಕಣ್ರೇ, ಶಾಲೆ ಹೆಡ್‌ಮೇಡಂ ನನ್ನ ಕೈಗೆ ಫೈಲು ಕೊಟ್ಟಿದ್ದು ತಪ್ಪಲ್ಲ, ಫೈಲಿನ ಜೊತೆ ನನ್ನ ನಾಲಿಗೇನೂ ಬಂತಲ್ಲ, ಅದು ತಪ್ಪು. ಬರ್ರಿ, ಕಟ್ಟೆ ಮೇಲೆ ಜಾಗ ಐತೆ, ಕೂತ್ಕಳ್ರಿ. ನಾಳೆ ಬೆಳಿಗ್ಗೆ ನೀವೂ ಖೊಖೊ ಆಡಾಕೆ ಟೆಂಪೋ ಹತ್ತೋರು, ಅದಕ್ಕೇ ಹೇಳ್ತೀನಿ. ಅಜ್ಜಿ ಕಥೆ ಅಂತ ನಗಬ್ಯಾಡ್ರಿ, ನನಗಿನ್ನೂ ಮೂವತ್ತೈದು. ಆದ್ರೆ ಅವತ್ತೊಂದೇ ದಿನ ಹತ್ತು ವರ್ಷ ವಯಸ್ಸಾತು ನೋಡ್ರಿ. ಎರಡು ವರ್ಷ ಆತು ಅದಾಗಿ, ಅಲ್ಲಲ್ಲ, ಬರೋ ತಿಂಗಳಿಗೆ ಎರಡು. ನನ್ನ ಮಗಳು ಚೈತ್ರಾ ಆಗ ಏಳನೇ ಕ್ಲಾಸು. ನಮ್ಮೂರ ಶಾಲೆ ನಿಮಗೆ ಗೊತ್ತಲ್ಲ, ಏಳರ ತನಕ ಮಾತ್ರ. ಖೊಖೊ ಆಡೋ ವಯಸ್ಸಿನ ಹುಡುಗೀರು ಇದ್ದಿದ್ದೇ ಒಂಬತ್ತು ಜನ, ಫೀಲ್ಡಿಗೆ ಇಳಿಯೋಕೂ ಒಂಬತ್ತು ಬೇಕು. ಒಬ್ಬಳ ಕಾಲು ಉಳುಕಿದ್ರೆ ಊರ ಕಾಲೇ ಉಳುಕಿದಂಗೆ. ಅಂಥಾ ಒಂಬತ್ತು ಜನ ಹರಿಹರಕ್ಕೆ ಹೋಗಿ, ಅಲ್ಲಿನ ಹೈಸ್ಕೂಲ್ ಫೀಲ್ಡಿನಾಗೆ ದೊಡ್ಡ ದೊಡ್ಡ ಶಾಲೇರನ್ನ ಸೋಲಿಸಿ, ತಾಲೂಕಿಗೇ ಫಸ್ಟ್ ಬಂದ್ರು. ಮುಂದೆ ಜಿಲ್ಲಾ ಮಟ್ಟ. ಊರಿಗೆ ಊರೇ ಅದೇ ಮಾತು.

ಈಗ ನನ್ನ ಜಗಳ ಹೇಳ್ಬೇಕು, ಅದಿಲ್ದೆ ಕಥೆ ನಿಲ್ಲಲ್ಲ. ಗೆದ್ದ ದಿನ ಪಿ.ಟಿ. ಸರ್ ಶಾಲೆಯ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ರು. ನೋಡಿದ್ರೆ ಸರ್ ನಟ್ಟನಡುವೆ ನಿಂತಾರೆ, ನನ್ನ ಮಗಳು ಅಂಚಿನಾಗೆ, ಅರ್ಧ ಮುಖ ಐತೆ ಅರ್ಧ ಇಲ್ಲ. ನಾನು ಸುಮ್ನಿರೋಳಾ? 'ಸಾರ್, ನಿಮ್ಮ ಹೊಟ್ಟೆ ಪೂರಾ ಬಂದೈತೆ, ನನ್ನ ಮಗಳ ಮುಖಕ್ಕೆ ಜಾಗ ಸಾಲಲಿಲ್ಲ ನೋಡ್ರಿ' ಅಂತ ಹಾಕಿದೆ. ಊರೋರೆಲ್ಲ ನಕ್ರು. ಸರ್ ಏನೂ ಬರೀಲಿಲ್ಲ. ಬರೆದಿದ್ರೆ ಅಲ್ಲಿಗೇ ಮುಗೀತಿತ್ತೋ ಏನೋ. ಸುಮ್ನಿದ್ದದ್ದಕ್ಕೆ ನನಗೆ ಇನ್ನೂ ಉರೀತು. ಗ್ರೂಪಿಂದ ಹೊರಗೆ ಬಂದೆ. ಸಾಲದೂ ಅಂತ ಚೈತ್ರಾನ್ನ ಕರೆದು 'ಆ ಮನುಷ್ಯನ ನಂಬರ್ ಬ್ಲಾಕ್ ಮಾಡೇ' ಅಂದೆ. 'ಬ್ಯಾಡಮ್ಮ, ನಮ್ಮ ಸರ್ ಅವರು' ಅಂತು ಕೂಸು. 'ನಿಮ್ಮ ಸರ್ ಆದ್ರೆ ನಿನ್ನ ಫೋನಿನಾಗೆ ಇಟ್ಕ' ಅಂದೆ. ಅವಳ ಹತ್ರ ಎಲ್ಲಿತ್ತು ಫೋನು? ನನ್ನ ಫೋನಿನಾಗೆ ಬ್ಲಾಕ್ ಮಾಡಿಕೊಟ್ಲು.

ಜಿಲ್ಲಾ ಪಂದ್ಯಕ್ಕೆ ಒಬ್ಬೊಬ್ಬ ಹುಡುಗಿಗೂ ಒಂದು ಫಾರಂ ಇರುತ್ತೆ. ಫೋಟೋ ಅಂಟಿಸಿ, ಹುಟ್ಟಿದ ದಿನ ಬರೆದು, ಹೆಡ್‌ಮೇಡಂ ಸಹಿ, ಶಾಲೆ ಸೀಲು. ಅದಿಲ್ದೆ ಆಟಕ್ಕೆ ಸೇರಿಸಲ್ಲ. ಪಂದ್ಯದ ಹಿಂದಿನ ದಿನಾನೇ ಮೇಡಂ ಅತ್ತೆಗೆ ಹುಷಾರು ತಪ್ಪಿ ಅವರು ರಜಾ ಹಾಕಿ ಮಲೇಬೆನ್ನೂರಿನ ಮನೆಗೆ ಹೋದ್ರು, ಸೀಲೂ ಅವರ ಬ್ಯಾಗಿನಾಗೆ. ನಾನು ಶಾಲೆ ಸಮಿತಿ ಮೆಂಬರಲ್ವಾ, ಎದೆ ಮುಂದೆ ಮಾಡ್ಕಂಡು ಮೇಡಂಗೆ ಫೋನ್ ಮಾಡಿ ಹೇಳಿದೆ, 'ನನ್ನ ತವರು ಮಲೇಬೆನ್ನೂರೇ ಐತೆ ಬಿಡ್ರಿ ಮೇಡಂ, ಇವತ್ತೇ ಫಾರಂ ತಗಂಡು ಹೋಗಿ ಉಳ್ಕಂತೀನಿ, ಬೆಳಿಗ್ಗೆ ಸಹಿ ಹಾಕಿಸ್ಕಂಡು ಅಲ್ಲಿಂದ ಸೀದಾ ಫೀಲ್ಡಿಗೆ ತರ್ತೀನಿ'. ಹೋದೆ. ಬೆಳಿಗ್ಗೆ ಮೇಡಂ ಒಂಬತ್ತು ಫಾರಂಗೂ ಸಹಿ ಹಾಕಿ, ಸೀಲ್ ಒತ್ತಿ, ಊದಿ ಊದಿ ಆರಿಸಿ ಫೈಲಿನಾಗಿಟ್ಟು ಕೊಟ್ರು. 'ಒಂಬತ್ತೂವರೆ ಒಳಗೆ ಫಾರಂ ಮೇಜಿಗೆ ಮುಟ್ಬೇಕಮ್ಮ, ಇಲ್ಲಾಂದ್ರೆ ತಂಡ ತಗಳಲ್ಲ. ಹೈಸ್ಕೂಲ್ ಫೀಲ್ಡು, ಪಿ.ಟಿ. ಸರ್ ಎಲ್ಲಾ ಗ್ರೂಪಿನಾಗೆ ಹಾಕಿದಾರೆ, ನೋಡಿದೀಯಲ್ಲ?' ಅಂದ್ರು. 'ನೋಡಿದೀನಿ ಮೇಡಂ' ಅಂದೆ. ಗ್ರೂಪಿನಾಗೆ ನಾನಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಎಲ್ಲರಿಗೂ ಒಂದು ಹೇಳೋ ಬಾಯಿ, ಅದೊಂದು ಹೇಳ್ಲಿಲ್ಲ ನೋಡ್ರಿ.

ಹರಿಹರದ ಬಸ್ ಹಿಡಿದು ಇಳಿದೆ, ಹೈಸ್ಕೂಲ್ ಫೀಲ್ಡಿಗೆ ಹೋದೆ. ಇನ್ನೂ ಒಂಬತ್ತಾಗಿಲ್ಲ. ಯಾರೂ ಇಲ್ಲ. ನಾನೇ ಫಸ್ಟು ಅಂತ ಹಿಗ್ಗಿದೆ, ಕೇಳ್ರಿ ಬುದ್ಧೀನ. ಪಿ.ಟಿ. ಸರ್ ಬರ್ಲಿ, 'ಏನ್ಸಾರ್, ಈಗ ಬಂದ್ರಾ' ಅಂತ ಹೆಂಗೆ ಅನ್ಬೇಕು ಅಂತ ಮಾತು ಜೋಡಿಸ್ಕಂತ ಕೂತಿದ್ದೆ. ಒಂಬತ್ತಾತು. ಒಂಬತ್ತು ಕಾಲಾತು. ಅಲ್ಲಿ ಟೋಪಿ ಹಾಕ್ಕಂಡು ವಾಕಿಂಗ್ ಮುಗಿಸಿ ಕೂತಿದ್ದ ಒಬ್ರು ವಯಸ್ಸಾದ ಸಾಹೇಬ್ರು ನನ್ನನ್ನೇ ನೋಡ್ತಿದ್ರು. 'ಯಾರಿಗೆ ಕಾಯ್ತೀಯ ಬೇಟಿ?' ಅಂದ್ರು. 'ಜಿಲ್ಲಾ ಖೊಖೊ ಐತಲ್ರಿ, ಅದಕ್ಕೆ' ಅಂದೆ. ಅವರು ಫೀಲ್ಡನ್ನ ಒಂದು ಸಲ ನೋಡಿದ್ರು, ನನ್ನ ಒಂದು ಸಲ ನೋಡಿದ್ರು. 'ಆಟ ಇದ್ರೆ ಸುಣ್ಣದ ಗೆರೆ ಎಲ್ಲಮ್ಮ? ಕಂಬ ಎಲ್ಲಿ? ಜಿಲ್ಲೇದು ಅಂದ್ರೆ ದಾವಣಗೆರೆ ಹೈಸ್ಕೂಲ್ ಫೀಲ್ಡಿರ್ಬೇಕು' ಅಂದ್ರು.

ಅಲ್ಲಾ, ಅದರ ಹಿಂದಿನ ವರ್ಷ ಜಿಲ್ಲೇದೂ ಹರಿಹರದಾಗೇ ಆಗಿತ್ತು, ನಮಗೆ ಹೈಸ್ಕೂಲ್ ಫೀಲ್ಡು ಅಂದ್ರೆ ಹುಟ್ಟಿದಾಗಿಂದ ಇದೊಂದೇ. ಹಂಗಿದ್ರೆ ಯಾಕ ಒಬ್ರೂ ಫೋನ್ ಮಾಡ್ಲಿಲ್ಲ ಅಂತ ಫೋನ್ ತೆಗೆದೆ. ಆಗ ನೆನಪಾತು. ಮಾಡೋ ಮನುಷ್ಯನ ದಾರೀನೇ ನಾನು ಮುಚ್ಚಿದೀನಿ. ನಾನೇ ಮಾಡಿದೆ. ಮೊದಲನೇ ರಿಂಗಿಗೇ ಎತ್ತಿದ್ರು.

'ಎಲ್ಲಿದೀರಮ್ಮ?'

'ಹರಿಹರದಾಗೆ ಸಾರ್.'

ಆ ಕಡೆ ಸೀಟಿ ಊದೋದು, ಹುಡುಗೀರು ಖೋ ಖೋ ಅನ್ನೋದು ಕೇಳ್ತಾ ಇತ್ತು.

'ಹೈಸ್ಕೂಲ್ ಫೀಲ್ಡು ಅಂದ್ರಂತಲ್ಲ ಸಾರ್.'

'ನಾನು ದಾವಣಗೆರೆಯೋನಮ್ಮ, ನನಗೆ ಹೈಸ್ಕೂಲ್ ಫೀಲ್ಡು ಅಂದ್ರೆ ಇದೇ. ಆಮೇಲೆ ಯಾರೋ ಕೇಳಿದ್ರು ಅಂತ ದಾವಣಗೆರೆ ಅಂತಾನೂ ಬರೆದೆನಲ್ಲ. ಬೆಳಿಗ್ಗೆಯಿಂದ ನಿಮಗೆ ಮಾಡ್ತಾನೇ ಇದೀನಿ, ಹೋಗ್ತಾನೇ ಇಲ್ಲ.'

'ಫಾರಂ ಫೋಟೋ ಹೊಡೆದು ಕಳಿಸ್ಲಾ ಸಾರ್?'

'ಕೇಳಿ ನೋಡಿದೆ. ಸೀಲಿರೋ ಕಾಗದಾನೇ ಬೇಕಂತೆ. ನಮ್ಮನ್ನ ಕಡೇ ಪಂದ್ಯಕ್ಕೆ ಹಾಕ್ರಿ ಅಂತ ಕೈ ಮುಗಿದಿದೀನಿ. ಹತ್ತು ಗಂಟೆ ತನಕ ನೋಡ್ತಾರೆ. ಬರ್ರಿ.'

ಸಾಹೇಬ್ರು ಅಷ್ಟೊತ್ತಿಗೆ ರೋಡಿಗೆ ಹೋಗಿ ಆಟೋ ನಿಲ್ಲಿಸಿದ್ರು. 'ಜಲ್ದಿ ಬಿಡಪ್ಪ, ಮಕ್ಕಳ ಕೆಲಸ' ಅಂದ್ರು. ಬಸ್‌ಸ್ಟ್ಯಾಂಡಿಗೆ ಹೋಗಿ ಹೊರಡ್ತಿದ್ದ ಬಸ್ಸಿಗೆ ಜೋತುಬಿದ್ದೆ. ಆ ಬಸ್ಸು ಕೈ ಅಡ್ಡ ಹಾಕಿದೋರಿಗೆಲ್ಲ ನಿಲ್ಲುತ್ತೆ. ಒಬ್ಬಮ್ಮ ಕೊತ್ತಂಬರಿ ಮೂಟೆ ಹತ್ತಿಸ್ಕಂಡ್ಲು, ಇಳಿಯೋವಾಗ ಮೂಟೆ ಬಾಗಿಲಿಗೆ ಸಿಕ್ಕಿಹಾಕ್ಕಂತು. ಬೇರೆ ದಿನ ಆಗಿದ್ರೆ ಆ ಮೂಟೆಗೂ ಅವಳಿಗೂ ಸೇರಿಸಿ ಅಂದಿರ್ತಿದ್ದೆ. ಅವತ್ತು ಎದ್ದು ಹೋಗಿ ನಾನೇ ಮೂಟೆ ದಬ್ಬಿದೆ. 'ಸ್ವಲ್ಪ ಜೋರು ಬಿಡ್ಸಣ್ಣ' ಅಂತ ಕಂಡಕ್ಟರಿಗೆ ಅಂದೆ. 'ಇದು ಬಸ್ಸು ಕಣಕ್ಕ, ವಿಮಾನ ಅಲ್ಲ' ಅಂದ. ಕೈ ಬೆವರಿಗೆ ಸೀಲಿನ ಮಸಿ ಕಲಸೀತು ಅಂತ ಫೈಲನ್ನ ಸೆರಗಿನಾಗೆ ಸುತ್ತಿ ಎದೆಗೆ ಅವುಚ್ಕಂಡಿದ್ದೆ. ಒಂಬತ್ತು ಹುಡುಗೀರ ಮುಖ ಅದ್ರಾಗೆ. ನನ್ನ ಮಗಳದು ಪೂರಾ ಮುಖ. ಹರಿಹರ ದಾವಣಗೆರೆ ಎಷ್ಟು ಹತ್ರ ಅಂತೀವಿ, ಮಾತಾಡ್ತಾ ಮಾತಾಡ್ತಾ ಬಂದೇಬಿಡುತ್ತೆ ಅಂತೀವಿ. ಅವತ್ತು ಬರ್ಲೇ ಇಲ್ಲ. ಹತ್ತಾದಾಗ ನಾನಿನ್ನೂ ಬಸ್ಸಿನಾಗೇ ಇದ್ದೆ.

ಇಳಿದು ಚಪ್ಪಲಿ ಕೈಯಾಗೆ ಹಿಡ್ಕಂಡು ಓಡಿದೆ. ಫೀಲ್ಡಿನ ತುಂಬ ಬಿಳೀ ಗೆರೆ, ಬಣ್ಣ ಬಣ್ಣದ ಬನಿಯನ್ ಹಾಕಿದ ಮಕ್ಕಳು. ನಮ್ಮ ಹುಡುಗೀರು ಒಂದು ಮೂಲೆಯಾಗೆ ಬರೀ ಮಣ್ಣಿನ ಮೇಲೆ, ಆಟದಾಗೆ ಕೂತಂಗೇ ಸಾಲಾಗಿ ಕುಕ್ಕರುಗಾಲಿನಾಗೆ ಕೂತಿದ್ರು, ಒಬ್ಬಳ ಮುಖ ಈ ಕಡೆ, ಒಬ್ಬಳದು ಆ ಕಡೆ. ಎದ್ದು ಓಡಾಡಿದ್ರೆ ತಂಡ ಬಂದಿಲ್ಲ ಅಂತ ಬರ್ಕಂತಾರೆ ಅಂತ ಹಂಗೇ ಕೂತಿದ್ರಂತೆ ಕೂಸುಗಳು, ಎಂಟೂವರೆಯಿಂದ. ಅಷ್ಟೊತ್ತಿಗೆ ನಮ್ಮ ಶಾಲೆ ಹೆಸರು ಮೂರು ಸಲ ಕೂಗಿ, ಎದುರು ತಂಡ ಗೆದ್ದಂಗೆ ಬರೆದಾಗಿತ್ತು. ನಾನು ಮೇಜಿನ ಹತ್ರ ಹೋಗಿ ಫೈಲಿಟ್ಟು ಅಲ್ಲಿ ಕೂತಿದ್ದ ಅಧಿಕಾರಿ ಕಾಲಿಗೇ ಬಿದ್ದೆ. ಅವರು ಎಬ್ಬಿಸಿ, 'ತಾಯೀ, ನಿಮ್ಮ ಮಕ್ಕಳನ್ನ ಈಗ ಆಡಿಸಿದ್ರೆ ಗೆದ್ದಿರೋ ಮಕ್ಕಳಿಗೆ ನಾನೇನ್ ಹೇಳ್ಲಿ?' ಅಂದ್ರು. ಬೈದಿದ್ರೆ ತಿರುಗಿ ಬೈತಿದ್ದೆ. ಆ ಮಾತಿಗೆ ಫೈಲು ವಾಪಸ್ ಎತ್ಕಂಡೆ. ಪಿ.ಟಿ. ಸರ್ ಬಂದ್ರು. ಈಗ ಅಂತಾರೆ, ಅನ್ಲಿ ಅಂತ ತಲೆ ಬಗ್ಗಿಸಿ ನಿಂತೆ. 'ತಿಂಡಿ ತಿಂದ್ರೇನಮ್ಮ?' ಅಂದ್ರು. ಅಲ್ಲಿಗೆ ನನಗೆ ಅಳು ತಡೀಲಿಲ್ಲ. ಚೈತ್ರಾ ಕೂತ ಮುಖ ಆ ಕಡೆಗಿತ್ತು. ನನ್ನ ದನಿ ಕೇಳಿದ್ರೂ ತಿರುಗಲಿಲ್ಲ.

ಅವರೆಲ್ಲ ಆ ವರ್ಷಾನೇ ಬೇರೆ ಬೇರೆ ಹೈಸ್ಕೂಲಿಗೆ ಹೋದ್ರು. ಆ ಒಂಬತ್ತು ಜನ ಮತ್ತೆ ಒಟ್ಟಿಗೆ ಕೂತು ಆಡ್ಲೇ ಇಲ್ಲ, ಗೊತ್ತಾತಾ?

ಮಾರನೇ ದಿನ ಫೈಲು ಕೊಡಾಕೆ ಶಾಲೆಗೆ ಹೋದೆ. ಪ್ರಾರ್ಥನೆ ನಡೀತಿತ್ತು, ನಾನು ಗೇಟಿನ ಹತ್ರಾನೇ ನಿಂತೆ. ಊರಿನಾಗೆ ಆಗ್ಲೇ ಗುಸುಗುಸು, ಪಿ.ಟಿ. ಮೇಷ್ಟ್ರು ಸರಿಯಾಗಿ ಹೇಳ್ದೆ ಮಕ್ಕಳನ್ನ ಹಾಳು ಮಾಡಿದ್ರು ಅಂತ. ಬೆಳಿಗ್ಗೆ ವಾರ್ತೆ ಬರೆದು ಓದೋ ಪಾಳಿ ಚೈತ್ರಾಂದೇ ಇತ್ತು. ಮಳೆ ಸುದ್ದಿ ಓದಿದ್ಲು, ಇನ್ನೊಂದು ಓದಿದ್ಲು, ಆಮೇಲೆ, 'ಕ್ರೀಡಾ ವಾರ್ತೆ. ಜಿಲ್ಲಾ ಮಟ್ಟದ ಖೊಖೊ ಪಂದ್ಯದಲ್ಲಿ ಫೈಲು ತಡವಾಗಿ ಬಂದ ಕಾರಣ ನಮ್ಮ ತಂಡ ಆಡಲಿಲ್ಲ' ಅಂತ ಓದಿ ಚೀಟಿ ಮಡಚಿದ್ಲು. ಫೈಲು ಬಂತಂತೆ. ಫೈಲಿಗೇನು ಕಾಲೈತಾ? ರಾತ್ರಿಯೆಲ್ಲ ನನ್ನ ಹತ್ರ ಮಾತಾಡದೋಳು, ಎಲ್ಲರ ಮುಂದೆ ನನ್ನ ಹೆಸರು ಉಳಿಸಿದ್ಲು.

ಅದೇ ವಾರ್ತೆ ಹೊರಗಿನ ಕರೀ ಬೋರ್ಡಿನ ಮೇಲೂ ಬರೆದಿತ್ತು. ಮಕ್ಕಳು ಕ್ಲಾಸಿಗೆ ಹೋದ ಮೇಲೆ ನಾನು ಸೀಮೆಸುಣ್ಣ ತಗಂಡು ಕೆಳಗೆ ಬರೆದೆ, 'ತಂದವಳು ಚೈತ್ರಾಳ ತಾಯಿ. ಪಿ.ಟಿ. ಸರ್ ತಪು ಇಲ್ಲ.' ಎಸ್ಸೆಸ್ಸೆಲ್ಸಿ ಆದ ಮೇಲೆ ಬೋರ್ಡು ಮುಟ್ಟಿದ್ದು ಅವತ್ತೇ. ಹಿಂದೆ ಪಿ.ಟಿ. ಸರ್ ನಿಂತಿದ್ರು. ಓದಿದ್ರು, 'ತಪ್ಪಿಗೆ ಪ ಒತ್ತು ಕೊಡ್ರಿ' ಅಂದ್ರು. ಕೊಟ್ಟೆ.

ನೋಡ್ರಿ, ಖೊಖೊದಾಗೆ ಖೋ ಕೊಡೋರು ಬೆನ್ನ ಹಿಂದೆ ಇರ್ತಾರೆ, ಅವರ ಮುಖ ನಿಮಗೆ ಕಾಣಲ್ಲ, ದನಿ ಕೇಳಿ ಏಳ್ತೀರಿ. ಮುಖ ಸೇರಲ್ಲ ಅಂತ ಯಾರಿಗೂ ಕಿವಿ ಮುಚ್ಕಬ್ಯಾಡ್ರಿ. ಹೋಗ್ರಿ ಈಗ, ಮಲಿಕ್ಕಳ್ರಿ. ನಾಳೆ ಹೈಸ್ಕೂಲ್ ಫೀಲ್ಡು ಅಂತ ಅಂದ್ರೆ, ಯಾವೂರ್ದು ಅಂತ ಕೇಳಿ ಟೆಂಪೋ ಹತ್ರಿ.