ಎಣ್ಣೆ ಮೇಲೆ ಬಂತೇನೋ?

ಆ ದೀಪ ಸ್ವಲ್ಪ ಸಣ್ಣ ಮಾಡಿ. ಹಾಂ… ಇದು ನನ್ನ ದೊಡ್ಡಮ್ಮನ ಮಗನಿಗೆ ಆಗಿದ್ದು. ಮೆಕ್ಯಾನಿಕ್. ಊರೆಲ್ಲ ಅವನನ್ನ ಸ್ಪ್ಯಾನರ್ ಅಂತಾರೆ, ನಾನು ಅಣ್ಣ ಅಂತೀನಿ. ಕುಡಿಯೋನಲ್ಲ. ಸುಳ್ಳು ಹೇಳೋಕೂ ಬರಲ್ಲ. ಒಂದೇ ಒಂದು ಸಲ ಹೇಳಿದ… ಅದೂ ಯಾರಿಗೆ ಅಂತೀರಿ!

ಅವತ್ತು ರಾತ್ರಿ ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ಹೊರಟಿದ್ದ. ಶೆಡ್ಡಿಗೂ ಮೇಸ್ತ್ರಿ ಮನೆಗೂ ನಡುವೆ ಒಂದು ಬಾವಿ, ಅದನ್ನ ದಾಟಿಯೇ ಹೋಗ್ಬೇಕು. ಮೇಸ್ತ್ರಿ ಅಂದ್ರೆ ಅಣ್ಣನಿಗೆ ಕೆಲಸ ಕಲಿಸಿದವರು. ತೀರಿಕೊಂಡು ವರ್ಷದ ಮೇಲಾಗಿತ್ತು. ಅವರು ಹೋದ ಮೇಲೆ ಆ ಬಾವೀಲಿ ನೀರು ಸೇದೋರಿಲ್ಲ. ಬಾಯಿಗೆ ತಗಡು ಮುಚ್ಚಿದಾರೆ, ಹಗ್ಗ ಬಿಚ್ಚಿದಾರೆ. ಉಳಿದಿದ್ದು ಕಬ್ಬಿಣದ ರಾಟೆ ಒಂದೇ.

ಆ ರಾಟೆ ತಿರುಗ್ತಿತ್ತು.

ಕಿರ್ರ್ರ್… ಕಿಂಯ್. ಕಿರ್ರ್ರ್… ಕಿಂಯ್.

ಗಾಳಿ ಇರಲಿಲ್ಲ. ಅಣ್ಣ ನಿಂತ. ನಿಲ್ಲಬಾರದಿತ್ತು… ನಿಂತ. ಆಗ ಬಾವಿಕಟ್ಟೆ ಕಡೆಯಿಂದ ಮೆಲ್ಲಗೆ ಒಂದು ದನಿ.

"ಎಣ್ಣೆ ಮೇಲೆ ಬಂತೇನೋ?"

ಮೇಸ್ತ್ರಿ ದನಿ! ಬದುಕಿದ್ದಾಗ ಆ ಕಟ್ಟೆ ಮೇಲೆ ಕೂತು ಕೈ ತೊಳೀತಾ, ಶೆಡ್ಡಿನ ಕಡೆ ತಿರುಗಿ ಇದನ್ನೇ ಕೂಗೋರು. 'ಬಂತು' ಅನ್ನೋ ತನಕ ಯಾರೂ ಕೀಲಿ ಮುಟ್ಟೋ ಹಾಗಿರಲಿಲ್ಲ. ಎಷ್ಟೋ ವರ್ಷದ ಅಭ್ಯಾಸ ನೋಡಿ, ಅಣ್ಣನ ಬಾಯಿ ತಾನೇ ಹೇಳಿಬಿಡ್ತು.

"ಬಂತು ಮೇಸ್ತ್ರಿ."

ರಾಟೆ ಗಕ್ಕನೆ ನಿಂತಿತು.

ಆದ್ರೆ ಎಣ್ಣೆ ಬಂದಿರಲಿಲ್ಲ.

ಯಾವ ಎಣ್ಣೆ ಅಂತೀರಾ? ಶೆಡ್ಡಿನೊಳಗೆ ಒಂದು ರೇಸ್ ಕಾರಿನ ಎಂಜಿನ್ ಇತ್ತು. ಮೇಸ್ತ್ರಿ ತಮ್ಮ ಕೈಯಾರೆ ಕಟ್ಟಿದ್ದು. ಎಂಜಿನ್ನಿನ ತಲೆಯೊಳಗೆ ಕ್ಯಾಮ್ ಅಂತ ಒಂದು ಕಂಬಿ ತಿರುಗುತ್ತೆ, ಅದರ ಮೈಮೇಲೆ ಮೊಟ್ಟೆಯ ಹಾಗೆ ಉಬ್ಬುಗಳು. ಆ ಉಬ್ಬು ಒತ್ತಿದ್ರೇನೇ ವಾಲ್ವ್ ತೆರೆಯೋದು. ಹೊಸ ಕ್ಯಾಮ್ ಅಂದ್ರೆ ಹಸುಗೂಸು. ಮೊದಲು ಉಬ್ಬಿಗೆಲ್ಲ ಕರಿ ಪೇಸ್ಟ್ ಬಳೀಬೇಕು. ಡ್ರಿಲ್ ಸಿಕ್ಕಿಸಿ ಪಂಪ್ ತಿರುಗಿಸಿ ಎಣ್ಣೆನ ಮೇಲಿನ ತನಕ ಏರಿಸಬೇಕು. ಆಮೇಲೇ ಸ್ಟಾರ್ಟ್. ಸ್ಟಾರ್ಟ್ ಆದ ಕ್ಷಣದಿಂದ ಇಪ್ಪತ್ತು ನಿಮಿಷ, ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸೋ ಮುಳ್ಳು ಎರಡು ಸಾವಿರದಿಂದ ಕೆಳಗೆ ಇಳಿಯಬಾರದು. ನಿಧಾನ ಆಯ್ತೋ, ಉಬ್ಬಿಗೆ ಎಣ್ಣೆ ಸಾಲದೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತೆ.

ಮೇಸ್ತ್ರಿ ಸತ್ತಿದ್ದು ಆ ಇಪ್ಪತ್ತು ನಿಮಿಷದೊಳಗೇ. ವೇಗ ಏರಿಸೋ ಲಿವರ್ ಹಿಡಿದು ನಿಂತಿದ್ದೋರು ಎದೆ ಹಿಡ್ಕೊಂಡು ಕುಸಿದ್ರು. ಒಬ್ಬರೇ ಇದ್ರು, ಪಾಪ. ಎಂಜಿನ್ ಮಾತ್ರ ನಿಧಾನಕ್ಕೆ ಬೆಳಗಿನ ತನಕ ಓಡ್ತಾನೇ ಇತ್ತು… ಟಕ್. ಟಕ್. ಟಕ್. ಬಿಚ್ಚಿ ನೋಡಿದ್ರೆ ಕ್ಯಾಮಿನ ಉಬ್ಬೆಲ್ಲ ಸವೆದು ಬೋಳಾಗಿತ್ತು.

ಈಗ ಅವರ ಮಗಳು ಅದೇ ಕಾರು ಓಡಿಸ್ತೀನಿ ಅಂತ ಹಟ ಹಿಡಿದಿದ್ಲು. ಭಾನುವಾರ ರೇಸು. ಮೇಸ್ತ್ರಿ ಎತ್ತಿಟ್ಟಿದ್ದ ಕ್ಯಾಮ್ ಇನ್ನೊಂದೇ ಒಂದು ಇತ್ತು, ಅಂಥದ್ದನ್ನ ಈಗ ಯಾರೂ ಮಾಡಲ್ಲ. ಅದೂ ಹೋದ್ರೆ ಕಾರು ಗುಜರಿಗೆ, ಅಪ್ಪನ ಕೊನೇ ಕೆಲಸವೂ ಗುಜರಿಗೆ. ಅಣ್ಣ ಪೇಸ್ಟ್ ಬಳಿದು ಕ್ಯಾಮ್ ಕೂರಿಸಿದ್ದ. ಆ ಸಂಜೆ ಹುಡುಗಿ ನೋಡೋಕೆ ಬಂದ್ಲು. ಖುಷಿಗೆ ಎಂಜಿನ್ನನ್ನ ಕೈಯಲ್ಲೇ ತಿರುಗಿಸಿ ತೋರಿಸಿದ. ವಾಲ್ವ್ ಏಳೋದು, ಇಳಿಯೋದು… "ಇನ್ನೊಂದ್ಸಲ ಅಣ್ಣಾ" ಅಂದ್ಲು. ಇನ್ನೊಂದ್ಸಲ ತಿರುಗಿಸಿದ. ಮತ್ತೊಂದ್ಸಲ. ಆಮೇಲೆ ಮುಚ್ಚಳ ಬಿಗಿದ. ಎಣ್ಣೆ ಏರಿಸೋದು ಬೆಳಿಗ್ಗೆ ಆಯ್ತು ಅಂದ್ಕೊಂಡ.

ಮನೆಗೆ ಹೋಗಿ ಮಲಗಿದ್ರೆ ನಿದ್ದೆ ಎಲ್ಲಿ ಬರಬೇಕು?

"ಏನ್ರೀ?" ಅತ್ತಿಗೆ ಪಿಸುಗುಟ್ಟಿದ್ರು.

"ಮೇಸ್ತ್ರಿ ಕೇಳಿದ್ರು…"

"ಏನಂತ?"

"ಎಣ್ಣೆ. ನಾನು… ಬಂತು ಅಂದೆ."

ಅತ್ತಿಗೆ ಎದ್ದು ಕೂತ್ರು. "ಬದುಕಿರೋ ನನ್ನ ಹತ್ರಾನೇ ಒಂದು ಸುಳ್ಳು ನೆಟ್ಟಗೆ ಹೇಳೋಕೆ ಬರಲ್ಲ. ಸತ್ತೋರಿಗೆ ಹೇಳಿ ಬಂದ್ರಾ? ಏಳಿ. ಹೋಗಿ ಅದನ್ನ ನಿಜ ಮಾಡಿ ಬರೋಣ."

ಇಬ್ಬರೂ ಹೋದ್ರು. ಬಾವಿ ದಾಟುವಾಗ ಅತ್ತಿಗೆ ಅಣ್ಣನ ಅಂಗಿ ಹಿಡ್ಕೊಂಡಿದ್ರಂತೆ. ರಾಟೆ ಸುಮ್ಮನಿತ್ತು. ಎಣ್ಣೆ ಮೇಲೆ ಬರೋದನ್ನ ಕಣ್ಣಾರೆ ನೋಡೋಣ ಅಂತ ಎಂಜಿನ್ನಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ರೆ… ಉಬ್ಬುಗಳು ಬರಿಮೈಯಲ್ಲಿ ಪಳಪಳ ಹೊಳೀತಿದ್ವು. ಅಷ್ಟು ಸಲ ತಿರುಗಿಸಿದ್ದಕ್ಕೆ ಪೇಸ್ಟೆಲ್ಲ ಒರೆಸಿಹೋಗಿತ್ತು. ಬೆಳಿಗ್ಗೆ ಬರೀ ಎಣ್ಣೆ ಏರಿಸಿ ಹಾಗೇ ಸ್ಟಾರ್ಟ್ ಮಾಡಿದ್ರೆ ಮುಗೀತಿತ್ತು ಕತೆ. ಮುಚ್ಚಳ ತೆಗೆದು ನೋಡೋ ಯೋಚನೆಯೇ ಅವನಿಗಿರಲಿಲ್ಲ. ಅಣ್ಣ ಅಲ್ಲೇ ಕೂತು ಅತ್ತುಬಿಟ್ಟ.

ಮತ್ತೆ ಪೇಸ್ಟ್ ಬಳಿದ. ಡ್ರಿಲ್ ಹಾಕಿದ… ಗುಂಯ್ಯ್… ಅತ್ತಿಗೆ ಟಾರ್ಚ್ ಹಿಡಿದಿದ್ರು. ಸ್ವಲ್ಪ ಹೊತ್ತಿಗೆ ಮೇಲಿನ ತೂತುಗಳಿಂದ ಎಣ್ಣೆ ಉಕ್ಕಿತು. ಅಣ್ಣ ಬಾಗಿಲ ಹತ್ರ ಹೋಗಿ ಕತ್ತಲೆಗೆ ಹೇಳಿದ, "ಈಗ ಬಂತು ಮೇಸ್ತ್ರಿ."

ಬೆಳಕು ಹರಿದ ಮೇಲೆ ಮಗಳು ಬಂದ್ಲು. ಹಿಂದೆ ಮೇಸ್ತ್ರಿ ಹೆಂಡತಿ. ಗಂಡ ಹೋದ ಮೇಲೆ ಆಯಮ್ಮ ಶೆಡ್ಡಿಗೆ ಕಾಲಿಟ್ಟಿದ್ದು ಅವತ್ತೇ. ಇನ್ನೊಮ್ಮೆ ಎಣ್ಣೆ ಏರಿಸಿ ಅಣ್ಣ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ, ಭ್ರೂಂಂ! ಲಿವರ್ ಹಿಡಿದ. ಮುಳ್ಳು ಎರಡು ಸಾವಿರದ ಮೇಲೆ ನಿಂತಿತು. ಐದು ನಿಮಿಷ. ಎಂಟು. ಇದ್ದಕ್ಕಿದ್ದ ಹಾಗೆ ಆಯಮ್ಮ ಎಂಜಿನ್ನಿನ ಕಡೆ ನೋಡಿ "ರೀ…" ಅಂದ್ರು. ಅಷ್ಟೇ. ಹಾಗೇ ಕುಸಿದ್ರು.

ಮೇಸ್ತ್ರಿ ಕುಸಿದಾಗ ಹಿಡಿಯೋಕೆ ಯಾರೂ ಇರಲಿಲ್ಲ. ಅಣ್ಣ ಲಿವರ್ ಬಿಟ್ಟು ಓಡಿದ. ಹಾಳಾಗಿ ಹೋಗ್ಲಿ ಕ್ಯಾಮು! ತಲೆ ನೆಲಕ್ಕೆ ಬಡಿಯೋದ್ರೊಳಗೆ ಹಿಡ್ಕೊಂಡ. ಮಗಳು ನೀರು ತಂದ್ಲು. ಅತ್ತಿಗೆ ಗಾಳಿ ಬೀಸಿದ್ರು. ಆಯಮ್ಮ ಕಣ್ಣು ಬಿಟ್ರು. ಆಮೇಲೆ ಗೊತ್ತಾಯ್ತು ಎಲ್ಲರಿಗೂ…

ಸದ್ದು ಇಳಿದೇ ಇರಲಿಲ್ಲ.

ಮುಳ್ಳು ಎರಡು ಸಾವಿರದಲ್ಲೇ ಇತ್ತು. ಲಿವರಿಗೆ ಸ್ಪ್ರಿಂಗ್ ಇದೆ, ಕೈ ಬಿಟ್ರೆ ಪಟ್ಟಂತ ವಾಪಸ್ ಬರಬೇಕು. ಸ್ಪ್ರಿಂಗ್ ಎಳೆದ ಹಾಗೇ ನಿಂತಿತ್ತು. ಅಣ್ಣ ಹತ್ತಿರ ಹೋಗಲಿಲ್ಲ. ನಾಲ್ಕು ಜನ ಗೋಡೆಗೊತ್ತಿ ನಿಂತ್ರು. ಇಪ್ಪತ್ತು ನಿಮಿಷ ತುಂಬಿತು. ಎಂಜಿನ್ ಒಮ್ಮೆ ಭರ್ರ್ ಅಂತ ಏರಿ, ಮೆಲ್ಲಗೆ ಇಳಿದು, ನಿಂತಿತು. ಮೇಸ್ತ್ರಿ ಆಫ್ ಮಾಡ್ತಿದ್ದದ್ದೇ ಹಾಗೆ.

ಬಿಚ್ಚಿ ನೋಡಿದ್ರು. ಒಂದು ಉಬ್ಬಿಗೂ ಗೀರು ಬಿದ್ದಿರಲಿಲ್ಲ. ಭಾನುವಾರ ಹುಡುಗಿ ಕಾರು ಓಡಿಸಿದ್ಲು, ಅದು ಬೇರೆ ಮಾತು.

ಎಂಜಿನ್ ತಾನೇ ನಿಂತ ದಿನವೇ ಅಣ್ಣ ಅದರ ಎಣ್ಣೆ ಇಳಿಸಿ ಡಬ್ಬಕ್ಕೆ ಹಾಕಿ ಮುಚ್ಚಿಟ್ಟ. ಪೇಸ್ಟ್ ಕರಗಿ ಬೂದಿಬಣ್ಣಕ್ಕೆ ತಿರುಗಿತ್ತು. ಸಂಜೆ ಹೋಗುವಾಗ ಆಯಮ್ಮ ಬಾವಿ ಹತ್ರ ನಿಂತಿದ್ರು. ರಾಟೆಗೆ ಕೈ ಹಾಕಿ ತಿರುಗಿಸ್ತಿದ್ರು. ಆ ರಾಟೆ ಮೊದಲಿಂದಲೂ ಕಿರುಚೋದೇ. "ಊರಿನ ಎಂಜಿನ್ನಿಗೆಲ್ಲ ಎಣ್ಣೆ, ನನ್ನ ರಾಟೆಗೆ ಬರಗಾಲ" ಅಂತ ಆಯಮ್ಮ ಗೊಣಗೋರು. "ನಾಳೆ ಬಿಡ್ತೀನಿ ಕಣೇ" ಅನ್ನೋರು ಮೇಸ್ತ್ರಿ. ಮದುವೆ ಆದಾಗಿಂದ ಅದೇ ನಾಳೆ.

ಈಗ ತಿರುಗ್ತಿತ್ತು… ಸದ್ದೇ ಇಲ್ಲ.

"ನೀನೇನೋ ಎಣ್ಣೆ ಬಿಟ್ಟಿದ್ದು?"

"ಇಲ್ಲಮ್ಮ…"

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಮಾರನೇ ದಿನ ನಾನೇ ಹೋಗಿ ರಾಟೆಯ ಅಚ್ಚಿಗೆ ಬೆರಳು ಒತ್ತಿ ನೋಡಿದೀನಿ. ಬೂದಿಬಣ್ಣದ ಎಣ್ಣೆ. ಇನ್ನೂ ಬೆಚ್ಚಗಿತ್ತು.