ಮಂಗಟ್ಟೆಯ ಪುಟ

ಆಟಿ ತಿಂಗಳ ನಡು, ಜಡಿಮಳೆಯ ಕಾಲ. ನೇತ್ರಾವತಿ ಬೆಳಗ್ಗೆಯೇ ಬಂಟ್ವಾಳ ಪೇಟೆಯ ಕೆಳ ಓಣಿಯನ್ನು ತುಂಬಿ ಮೇಲಿನ ಬೀದಿಯ ಮೆಟ್ಟಿಲು ಮುಟ್ಟಿತ್ತು. ಅಂಗಡಿಯವರು ಅಕ್ಕಿ, ಸಕ್ಕರೆ ಚೀಲಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರೆ ನಾವು ಅಬ್ದುಲ್ ರವೂಫ್ ಅವರ ಪುಸ್ತಕಗಳನ್ನು ಮಾಳಿಗೆಗೆ ಹೊರುತ್ತಿದ್ದೆವು. ರವೂಫ್ ಜವಳಿ ಅಂಗಡಿ ಇಟ್ಟುಕೊಂಡು, ಹಳೆ ಪುಸ್ತಕಗಳ ಮೊದಲ ಮುದ್ರಣಗಳನ್ನು, ಅದರಲ್ಲೂ ಚಿತ್ರವಿರುವಂಥವನ್ನು, ಜೀವಮಾನವಿಡೀ ಕೂಡಿಸಿದವರು. ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊರುವವರು ಅವರ ಮಗಳು ಶಬ್ನಾ, ಪಕ್ಕದ ಮನೆಯ ರಿಕ್ಷಾದ ಅಣ್ಣು, ಮತ್ತು ಮೂಡುಬಿದಿರೆಯಿಂದ ಜೀಪಿನಲ್ಲಿ ಬಂದು ನೀರಿಗೆ ಸಿಕ್ಕಿಬಿದ್ದ ನಾನು. ರವೂಫ್ ಅವರ ಹೆಂಡತಿ ಜುಲೈಕಮ್ಮ ಮಾಳಿಗೆಯಲ್ಲಿ ಚಾಪೆ ಹಾಸಿ ಕೂತು, ಬಂದ ಒಂದೊಂದು ಪುಸ್ತಕದ ಬೆನ್ನನ್ನೂ ಒಣಬಟ್ಟೆಯಲ್ಲಿ ಒರೆಸಿ, ಮಕ್ಕಳನ್ನು ಮಲಗಿಸಿದ ಹಾಗೆ ಮಲಗಿಸುತ್ತಿದ್ದರು.

"ಸಿಮೆಂಟು ಚೀಲವೇ ವಾಸಿ," ಎಂದ ಅಣ್ಣು. "ಬಿಸಾಡಿದರೂ ಯಾರೂ ಬೈಯುವುದಿಲ್ಲ."

"ಬಾಪ ಇದ್ದಾಗಲೂ ಹೊರಿಸಿದ್ರು, ಹೋದ ಮೇಲೂ ಬಿಡ್ಲಿಲ್ಲ ಮಾರಾಯ," ಎಂದಳು ಶಬ್ನಾ.

ಒಂದು ಪುಸ್ತಕವನ್ನು ಮಾತ್ರ ಜುಲೈಕಮ್ಮ ಯಾರ ಕೈಗೂ ಕೊಡದೆ ತಾವೇ ಎದೆಗೊತ್ತಿಕೊಂಡು ತಂದಿದ್ದರು. ಅದು ಹಕ್ಕಿಪುಸ್ತಕ. ನಾನೂ ರವೂಫ್ ಅವರದೇ ಹುಚ್ಚಿನವನು. ನನ್ನಲ್ಲಿರುವುದು ಅದರ ಅರ್ಧಕ್ಕರ್ಧ ಹುಳ ತಿಂದ ಪ್ರತಿ. "ಹಕ್ಕಿಪುಸ್ತಕದ ಒಂದು ಕೆಲಸ ಉಂಟು, ಜೀಪು ತಕೊಂಡು ಬನ್ನಿ" ಎಂದು ಜುಲೈಕಮ್ಮ ಫೋನ್ ಮಾಡಿದಾಗ, ಕೊಡುವುದಕ್ಕೇ ಇರಬೇಕೆಂದು ಆಸೆಯಿಂದ ಬಂದಿದ್ದೆ.

ಹೊರುವುದು ಮುಗಿಯುವಾಗ ಮಧ್ಯಾಹ್ನ ದಾಟಿತ್ತು. ಕರೆಂಟು ಇರಲಿಲ್ಲ. ಮಳೆ ಹೆಂಚಿನ ಮೇಲೆ ಒಂದೇ ಸಮ ಬೀಳುತ್ತಿತ್ತು. ಶಬ್ನಾ ಪತ್ತಿರ್ ಎಂಬ ತೆಳು ಅಕ್ಕಿರೊಟ್ಟಿ, ಕೋಳಿ ಸಾರು ತಂದು ಬಡಿಸಿದಳು. ಇದ್ದವರಿಗಿಂತ ಒಂದು ಬಟ್ಟಲು ಹೆಚ್ಚಿತ್ತು. ಬರುವವರು ಯಾರೋ ಇದ್ದಾರೆಂದುಕೊಂಡೆ.

"ಹಕ್ಕಿಪುಸ್ತಕ ನನಗೆ ಕೊಡುವುದಾ ಜುಲೈಕಮ್ಮ?" ಎಂದು ಕೇಳಿಯೇ ಬಿಟ್ಟೆ.

ಅವರು ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡರು.

"ಮೊದಲು ಕೇಳಿ. ಇದು ನಮ್ಮದಲ್ಲ... ಮುಂಡಾಜೆಯ ಡೊಂಬಯ್ಯನ ಮನೆಯದ್ದು. ಕಲ್ಲಚ್ಚಿನ ಪುಸ್ತಕ ಎಂದರೆ ನಿಮಗೆ ಗೊತ್ತುಂಟು, ಈ ಮಕ್ಕಳಿಗೆ ಹೇಳ್ತೇನೆ. ಗೆರೆಯೆಲ್ಲ ಕಲ್ಲಿನದ್ದು, ಎಲ್ಲ ಪ್ರತಿಯಲ್ಲೂ ಒಂದೇ. ಬಣ್ಣ ಮಾತ್ರ ಕೈಯಲ್ಲಿ ತುಂಬಿದ್ದು, ಅದು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಡೊಂಬಯ್ಯನಿಗೆ ಒಬ್ಬಳು ಅಕ್ಕ ಇದ್ದಳಂತೆ, ದಮಯಂತಿ ಅಂತ. ಸಣ್ಣ ಮಗು, ಜ್ವರದಲ್ಲಿ ಹಾಸಿಗೆ ಹಿಡಿದಿತ್ತು. ಮದ್ದು ಕೊಡಲು ಬರುತ್ತಿದ್ದ ಡಾಕ್ಟರೊಬ್ಬರು ಮಗುವಿಗೆ ಬೇಸರ ಕಳೆಯಲಿ ಅಂತ ಈ ಪುಸ್ತಕ ಕೊಟ್ಟದ್ದು. ಅವಳಿಗೆ ಕೊನೆಯ ಚಿತ್ರ ಒಂದೇ ಸಾಕು... ಮಂಗಟ್ಟೆ ಹಕ್ಕಿಯದ್ದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಮೊಟ್ಟೆಗೆ ಕೂತು, ಬಾಗಿಲಿಗೆ ಮಣ್ಣು ಮೆತ್ತಿಕೊಳ್ತದಲ್ವಾ, ಕೊಕ್ಕು ಹೊರಗೆ ಬರುವಷ್ಟು ಸಂದು ಮಾತ್ರ ಬಿಟ್ಟು? ಗಂಡು ಹಣ್ಣು ತಂದು ಆ ಕೊಕ್ಕಿಗೆ ಕೊಡುವ ಚಿತ್ರ. 'ಇದು ಯಾವಾಗ ಹೊರಗೆ ಬರ್ತದೆ ಅಮ್ಮ?' ಅಂತ ಕೇಳುತ್ತಿತ್ತಂತೆ ಮಗು. ದಿನಾ ಕೇಳುತ್ತಿತ್ತಂತೆ...

"ಮಗು ಹೋಯ್ತು. ನಿಮ್ಮಲ್ಲಿ ಸಣ್ಣ ಮಕ್ಕಳನ್ನು ಸುಡುವುದಿಲ್ಲ, ಹೂಳುವುದು ಅಲ್ವಾ ಅಣ್ಣು? ತಾಯಿ ಆ ಒಂದು ಚಿತ್ರ ಕತ್ತರಿಸಿ ಮಗುವಿನ ಎದೆಯ ಮೇಲಿಟ್ಟು ಮಣ್ಣು ಮುಚ್ಚಿಸಿದಳು. ಆಮೇಲೆ ಪ್ರತಿ ಆಟಿಯಲ್ಲಿ ಮನೆಯ ಸತ್ತವರಿಗೆ ಎಲೆ ಹಾಕಿ ಬಡಿಸುವ ದಿನ, ಮಗುವಿನ ಎಲೆಯ ಪಕ್ಕ ಈ ಪುಸ್ತಕವನ್ನು, ಆ ಕತ್ತರಿಸಿದ ಪುಟ ತೆರೆದು ಇಡುವುದು ಅವರ ಕ್ರಮ. ಉಳಿದದ್ದನ್ನೂ ಬಂದು ನೋಡಲಿ ಅಂತ. ಡೊಂಬಯ್ಯ ಮುದುಕನಾದ, ಅಕ್ಕ ಮಾತ್ರ ಮಗುವೇ... ಅವನು ಕೈ ಮುಗಿದು 'ಅಕ್ಕ, ಬಾ' ಅಂತ ಕರೆಯುವುದು.

"ನಮ್ಮ ಇವರು ಆ ಪುಸ್ತಕ ನೋಡಿದ್ದೇ ತಡ, ನಿದ್ದೆ ಬಿಟ್ಟರು. ಡೊಂಬಯ್ಯ ಒಳ್ಳೆಯವನು. 'ಇಲ್ಲಿ ಗೆದ್ದಲು ತಿನ್ನುವ ಬದಲು ನಿಮ್ಮ ಕಪಾಟಿನಲ್ಲಿರಲಿ ಸಾಹುಕಾರ್ರೆ, ಆದರೆ ಅಕ್ಕನನ್ನು ಕರೆಯುವ ದಿನ ಪುಸ್ತಕ ಮನೆಗೆ ಬರಬೇಕು,' ಅಂದ. ಇವರು ಆಯ್ತು ಅಂದ್ರು. ಮಾತು ಕೊಟ್ಟರು. ಎರಡು ಆಟಿ ತಕೊಂಡು ಹೋದರು ಸಹಾ... ಹೋಗಿ ಬಂದವರಿಗೆ ಹೊಟ್ಟೆಯುರಿ. ಅಷ್ಟು ಮಳೆಯಲ್ಲಿ ಅಂಥ ಪುಸ್ತಕ, ಎಣ್ಣೆ ದೀಪದ ಹತ್ತಿರ, ಕೋಳಿ ಸಾರಿನ ಹತ್ತಿರ! ಒಂದು ಪುಟದಲ್ಲಿ ಅರಸಿನದ ಬೆರಳಚ್ಚು ಬೇರೆ. 'ಪೂವಮ್ಮನ ಕೈ,' ಅಂದರು, ಡೊಂಬಯ್ಯನ ಹೆಂಡತಿಯದ್ದು. ನಾನು ನೋಡಿದೆ. ಪೂವಮ್ಮನ ಬೆರಳು ಅಷ್ಟು ಸಣ್ಣ ಉಂಟಾ?

"ಮುಂದಿನ ಆಟಿಗೆ ಇವರು ಎಂತ ಮಾಡಿದ್ರು ಗೊತ್ತುಂಟಾ? ಒಂದು ನಕಲು ಮಾಡಿಸಿದ್ರು. ಬಣ್ಣದ ನಕಲು, ದಪ್ಪ ಕಾಗದ, ಹಳೆಯದರ ಹಾಗೇ ಕಾಣುವ ರಟ್ಟು. ಇಲ್ಲದ ಮಂಗಟ್ಟೆಯ ಚಿತ್ರವನ್ನೂ ಸೇರಿಸಿದ್ರು, ನಿಮ್ಮ ಪ್ರತಿಯಿಂದ ಫೋಟೋ ತೆಗೆದು. ಬಂದಿದ್ರಲ್ವಾ ಮೂಡುಬಿದಿರೆಗೆ?"

ಬಂದಿದ್ದರು. ಯಾಕೆಂದು ಹೇಳಿರಲಿಲ್ಲ.

"ಅದನ್ನು ಕೊಟ್ಟು ಕಳಿಸಿದ್ರು. ನಾನು ಬೇಡ ಅಂದೆ. 'ಸತ್ತವರಿಗೆ ಮೊದಲ ಮುದ್ರಣ ಯಾವುದು, ನಕಲು ಯಾವುದು ಅಂತ ಗೊತ್ತಾಗ್ತದಾ ಜುಲೈಕಾ? ನಾವೇ ಭೂತಗನ್ನಡಿ ಹಿಡಿದು ನೋಡಬೇಕು,' ಅಂತ ನಗಾಡಿದ್ರು... ಮರುದಿನ ಪೂವಮ್ಮನ ಫೋನು. 'ಬಡಿಸಿದ್ದು ಬಡಿಸಿದ ಹಾಗೇ ಉಂಟು. ಅಕ್ಕ ಬರಲಿಲ್ಲ.' ಬರಲಿಲ್ಲ ಎಂದರೆ ಎಂತ? ಬೇರೆ ಎಲ್ಲಿಗೋ ಹೋಗಿದ್ದಾಳೆ ಅಂತ ತಾನೇ?

"ಇವರು ಕಪಾಟಿನ ಬೀಗ ತೆಗೆದರು. ಪುಸ್ತಕದ ಕೊನೆಯಲ್ಲಿ ಮಂಗಟ್ಟೆಯ ಚಿತ್ರ ಇತ್ತು. ಒದ್ದೆ. ಕೆಂಪು ಮಣ್ಣಿನ ವಾಸನೆ. ಕತ್ತರಿ ಓರೆ ಹೋದಲ್ಲಿ ಓರೆ, ನೆಟ್ಟಗೆ ಹೋದಲ್ಲಿ ನೆಟ್ಟಗೆ, ಅಂಚಿಗೆ ಅಂಚು ಕೂಡಿತು. ನಾನು ಕಪಾಟಿನಿಂದ ಹಿಂದೆ ಸರಿದೆ. ಇವರು... ಇವರು ಕಣ್ಣೀರು ಹಾಕಿದ್ರು, ಸಂತೋಷದಲ್ಲಿ. 'ಪೂರ್ತಿ ಆಯ್ತು ಜುಲೈಕಾ, ಎಲ್ಲಿಯೂ ಇಲ್ಲದ ಪೂರ್ತಿ ಪ್ರತಿ.' ಹೆದರಬೇಕಾದಲ್ಲಿ ಹಿಗ್ಗುವ ಮನುಷ್ಯನಿಗೆ ಎಂತ ಹೇಳುವುದು? ಮುಂಡಾಜೆಗೆ ಹೋಗುವ, ಇವತ್ತೇ ಹೋಗುವ ಅಂದೆ. 'ಮುಂದಿನ ಆಟಿಗೆ ನಾನೇ ತಲುಪಿಸ್ತೇನೆ,' ಅಂದರು. ಆ ಆಟಿ ಬಂತು, ಹೋಯ್ತು. ದಿನಾ ಸಂಜೆ ಆ ಚಿತ್ರ ನೋಡುವುದು. ಪೊಟರೆಯ ಬಾಗಿಲಿನ ಮಣ್ಣು ಸವೆಯುತ್ತಾ ಉಂಟು ಅಂತ ಅವರೇ ಹೇಳಿದ್ದು. ಬಣ್ಣ ಉದುರುವುದು ಅಂತ ಸಮಾಧಾನವೂ ಅವರದ್ದೇ. ಕೊನೆಗೆ ಒಂದು ಸಂಜೆ, ಭೂತಗನ್ನಡಿ ಆ ಪುಟದ ಮೇಲೆ ಇಟ್ಟುಕೊಂಡೇ ಹೋದರು. ಡಾಕ್ಟರು ಹೃದಯ ಅಂದರು. ಹೃದಯವೇ ಇರಬಹುದು...

"ಅವರು ಕೊಟ್ಟ ಮಾತು ಈಗ ನನ್ನ ತಲೆಯ ಮೇಲೆ ಉಂಟು. ಬೇರೆ ದಿನ ತಂದರೆ ಪೂವಮ್ಮ ಮುಟ್ಟುವುದಿಲ್ಲ, 'ಬರೀ ಪುಸ್ತಕ ಎಂತಕ್ಕೆ? ಅಕ್ಕನನ್ನು ಕರೆಯುವ ದಿನವೇ ಬರಲಿ' ಅಂತಾಳೆ. ಸರಿಯಲ್ವಾ ಅವಳು ಹೇಳುವುದು? ಪ್ರತಿ ವರ್ಷ ಆ ದಿನ ಹೊರಡ್ತೇನೆ. ಪ್ರತಿ ವರ್ಷ ಆ ದಿನವೇ ನೀರು ಮೆಟ್ಟಿಲಿಗೆ ಬರ್ತದೆ. ಮಳೆಗಾಲ, ಬರದೆ ಎಂತ ಮಾಡ್ತದೆ ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಳ್ತೇನೆ. ಇವತ್ತು ಅವರಲ್ಲಿ ಬಡಿಸುವ ದಿನ. ಜೀಪು ಇರುವವರು ನೀವು ಅಂತ ಕರೆದದ್ದು... ಅಲ್ಲಿಗೆ ತಲುಪುವವರೆಗೆ ಇಲ್ಲಿ ಒಂದು ಬಟ್ಟಲು ಇಡ್ತೇನೆ. ನಮ್ಮಲ್ಲಿ ಈ ಕ್ರಮ ಇಲ್ಲ, ಮಸೀದಿಯ ಉಸ್ತಾದರು ಕೇಳಿದರೆ ಬೈದಾರು. ಆದರೆ ಮನೆಗೆ ಬಂದ ಮಗುವಿಗೆ ಊಟ ಹಾಕಲು ಯಾರ ಅಪ್ಪಣೆ ಬೇಕು?"

ಅಣ್ಣು ಹೆಚ್ಚಿನ ಬಟ್ಟಲಿನಿಂದ ಸ್ವಲ್ಪ ದೂರ ಸರಿದು ಕೂತ. ಶಬ್ನಾ ನಗಲಿಲ್ಲ.

ಜುಲೈಕಮ್ಮ ಪುಸ್ತಕವನ್ನು ನನ್ನ ಕೈಗಿಟ್ಟರು. ಅಭ್ಯಾಸಬಲದಿಂದ ಚಿತ್ರಗಳನ್ನು ಎಣಿಸುತ್ತಲೇ ಕೊನೆಯ ಪುಟಕ್ಕೆ ಬಂದೆ. ಗಂಡು ಮಂಗಟ್ಟೆ ಕೊಕ್ಕಿನಲ್ಲಿ ಹಣ್ಣು ಹಿಡಿದು ಮರಕ್ಕೆ ಕೂತಿತ್ತು. ಎದುರಿಗೆ ಪೊಟರೆ ಬಾಯ್ದೆರೆದಿತ್ತು. ಮಣ್ಣಿಲ್ಲ, ಒಳಗಿನಿಂದ ಚಾಚಿದ ಕೊಕ್ಕೂ ಇಲ್ಲ. ಬಣ್ಣ ಕೈಯದ್ದು, ಬೇರೆಯಾದೀತು. ಆದರೆ ಕೊಕ್ಕಿನ ಗೆರೆ ಕಲ್ಲಿನದ್ದು. ನನ್ನ ಪ್ರತಿಯಲ್ಲಿ ಅದು ಉಂಟು.

ಆದರೂ ಪುಸ್ತಕ ಪೂರ್ತಿ ಇತ್ತು. ಒಂದು ಚಿತ್ರವೂ ಕಡಿಮೆಯಿರಲಿಲ್ಲ. ಕಿಟಕಿಯ ಆಚೆ ಕೆಂಪು ನೀರು ನನ್ನ ಜೀಪಿನ ಚಕ್ರ ಮುಚ್ಚಿತ್ತು.

"ಇವತ್ತಂತೂ ಆಗುವ ಹಾಗಿಲ್ಲ," ಎಂದೆ. "ನನ್ನಲ್ಲಿರಲಿ ಜುಲೈಕಮ್ಮ. ಮುಂದಿನ ಆಟಿಗೆ ನಾನೇ ತಲುಪಿಸ್ತೇನೆ."

"ಇವರೂ ಇದೇ ಮಾತು ಹೇಳಿದ್ದು," ಎಂದರು ಅವರು, ಬೇಸರವೂ ಇಲ್ಲದ ದನಿಯಲ್ಲಿ.

ನಾನು ಪುಸ್ತಕ ಮುಚ್ಚಲು ಹೋದೆ. ಜುಲೈಕಮ್ಮ ಕೈ ಚಾಚಿ ಪುಟವನ್ನು ಮೆಲ್ಲಗೆ ಒತ್ತಿ ಹಿಡಿದರು. ಅವರ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ಹೆಗಲಿನ ಪಕ್ಕದಲ್ಲಿ, ಸ್ವಲ್ಪ ಕೆಳಗೆ ಇತ್ತು.

"ಸ್ವಲ್ಪ ತಡೆಯಿರಿ... ಅವಳು ನೋಡಿ ಮುಗಿಯಲಿಲ್ಲ."